ಸದ್ದಾದ ಮೇಲಿನ ಫೋಟೊ

ಸಾಸಲಿನ ಬಸ್‌ಸ್ಟಾಪಿನ ಎದುರಿಗೇ ಮುನಿಕೃಷ್ಣನ ಸ್ಟುಡಿಯೊ. ಆ ಹೋಬಳಿಯ ಮನೆಗಳ ಗೋಡೆಯ ಮೇಲಿರುವ ಮದುವೆ ಫೋಟೊಗಳಲ್ಲಿ ಮುಕ್ಕಾಲು ಪಾಲು ಅವನು ತೆಗೆದವು. ಅವನ ಫೋಟೊದಲ್ಲಿ ಮನುಷ್ಯರು ಮನುಷ್ಯರ ಹಾಗೇ ಕಾಣುತ್ತಾರೆ ಎಂದು ಜನ ಹೇಳುತ್ತಿದ್ದರು.

ಅದಕ್ಕೆ ಅವನದೊಂದು ದಾರಿ ಇತ್ತು. ಕ್ಯಾಮೆರಾದ ಮುಂದೆ ನಿಂತವರು ಉಸಿರು ಬಿಗಿಹಿಡಿಯುತ್ತಾರೆ. ಟಪ್ ಎಂದು ಸದ್ದಾದರೆ ಮುಗಿಯಿತೆಂದುಕೊಂಡು ಬಿಟ್ಟುಬಿಡುತ್ತಾರೆ. ಭುಜ ಇಳಿಯುತ್ತದೆ, ಕಣ್ಣು ಸಡಿಲವಾಗುತ್ತದೆ. ಮುನಿಕೃಷ್ಣ ಮೊದಲನೆಯ ಸಲ ಒತ್ತುತ್ತಿದ್ದುದು ಆ ಸದ್ದಿಗಾಗಿ ಮಾತ್ರ. ಅದರ ಬೆನ್ನಿಗೇ ಒತ್ತುವ ಎರಡನೆಯದೇ ಅವನ ಫೋಟೊ.

ಸದ್ದು ಅವನಿಗೆ ತೊಟ್ಟಿಲಿನ ಪರಿಚಯ. ತಾಯಿ ಮುನಿವೆಂಕಟಮ್ಮ ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಾಗ ಮಗ್ಗಗಳ ನಡುವೆಯೇ ಸೀರೆಯ ಜೋಲಿ ಕಟ್ಟಿ ಅವನನ್ನು ಮಲಗಿಸುತ್ತಿದ್ದಳು. ಮಗ್ಗ ಓಡುವಷ್ಟು ಹೊತ್ತೂ ನಿದ್ದೆ. ಕರೆಂಟು ಹೋಗಿ ಶೆಡ್ಡು ನಿಶ್ಶಬ್ದವಾದರೆ ಬೆಚ್ಚಿ ಅಳುತ್ತಿದ್ದನಂತೆ.

ಹೋದ ವರ್ಷ ಅವನು ಮಿರರ್‌ಲೆಸ್ ಕ್ಯಾಮೆರಾ ತಂದ. ಮದುವೆ ಮಾತಾಡಲು ಬಂದ ಹುಡುಗಿಯರು ತಾರೀಖು ಹೇಳುವ ಮೊದಲೇ "ಅಣ್ಣಾ, ಮಿರರ್‌ಲೆಸ್ಸಾ?" ಎಂದು ಕೇಳತೊಡಗಿದ್ದರು. ತಂದದ್ದು ಆ ಜಾತಿಯಲ್ಲೇ ಮೇಲಿನದು. ಹಳೆಯದರೊಳಗೆ ಒಂದು ಕನ್ನಡಿ ಇತ್ತು. ಅದು ಎದ್ದು ಬೀಳುವುದೇ ಆ ಟಪ್. ಕನ್ನಡಿ ಎದ್ದಿರುವಷ್ಟು ಹೊತ್ತು ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕತ್ತಲು. ತೆಗೆಯುವ ಗಳಿಗೆಯಲ್ಲಿ ತೆಗೆಯುವವನೇ ಕುರುಡ. ಹೊಸದರಲ್ಲಿ ಕನ್ನಡಿಯಿಲ್ಲ, ಎದ್ದು ಬೀಳುವಂಥದ್ದು ಏನೂ ಇಲ್ಲ. ಅದು ಕಣ್ಣು ಮಿಟುಕಿಸುವುದೇ ಇಲ್ಲ. ಗುಂಪಿನಲ್ಲಿ ಒಬ್ಬರ ಕಣ್ಣನ್ನು ಹಿಡಿದರೆ ಅವರು ತಿರುಗಿ ಬರುವವರೆಗೂ ಬಿಡುವುದಿಲ್ಲ. ಗರ್ಭಗುಡಿಯ ಎಣ್ಣೆದೀಪದ ಬೆಳಕೇ ಅದಕ್ಕೆ ಸಾಕು. ನಾಮಕರಣದಲ್ಲಿ ಮಗು ಎಚ್ಚರಗೊಳ್ಳದಂತೆ ಮುಖದ ಹತ್ತಿರ ಹೋಗಬಹುದು.

ದೋಷಗಳೂ ಒಂದೊಂದಾಗಿ ತಿಳಿದವು. ಮಧ್ಯಾಹ್ನದ ಊಟದ ಹೊತ್ತಿಗೆ ಬ್ಯಾಟರಿ ಕೈಕೊಡುತ್ತದೆ. ಛತ್ರದ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಮದುಮಗಳ ಮುಖದ ಮೇಲೆ ಪಟ್ಟೆ ಮೂಡುತ್ತದೆ. ಎಷ್ಟು ಚೂಪೆಂದರೆ ಪೌಡರಿನ ಅಡಿಯ ಗುಳ್ಳೆಯೂ ಎಣಿಕೆಗೆ ಸಿಗುತ್ತದೆ. ಇವೆಲ್ಲಕ್ಕೂ ಉಪಾಯವಿತ್ತು. ಉಪಾಯವಿಲ್ಲದ್ದು ಆ ನಿಶ್ಶಬ್ದಕ್ಕೆ. ಸದ್ದಿಲ್ಲದೆ ಯಾರೂ ಉಸಿರು ಬಿಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ನೋಡಿದರೆ ಸಾಲುಸಾಲಾಗಿ ಕಲ್ಲಿನ ಮುಖಗಳು.

ಅವರೆಕಾಯಿಯ ಕಾಲದ ಒಂದು ಭಾನುವಾರ ಊರಿನ ವೆಂಕಟರಾಯಪ್ಪನವರು ಸ್ಟುಡಿಯೊಗೆ ಬಂದರು. ಹೆಂಡತಿ ಮುನಿಗಂಗಮ್ಮನ ಹಿಂದಿನ ಹಲ್ಲುಗಳು ಆಗಲೇ ಹೋಗಿದ್ದವು. ಮುಂದಿನವನ್ನು ಮಾರನೆಯ ದಿನ ಕೀಳುವವರಿದ್ದರು.

"ಸ್ವಂತ ಹಲ್ನಲ್ಲಿ ಒಂದು ಫೋಟೊ ಬೇಕಂತೆ ಕಣಪ್ಪ ಅವ್ಳಿಗೆ. ಮದ್ವೆ ಫೋಟೊದಿಂದ ಇಲ್ಲೀವರ್ಗೂ ಒಂದ್ರಲ್ಲೂ ಬಾಯಿ ತೆಗ್ದಿಲ್ಲ. ಇವತ್ತು ಬಿಟ್ರೆ ಇಲ್ಲ."

ಮುನಿಕೃಷ್ಣ ಅವರ ಮನೆಗೆ ಹೋದಾಗ ಮುನಿಗಂಗಮ್ಮ ರೇಷ್ಮೆ ಸೀರೆ ಉಟ್ಟು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಮೊರ ಪಕ್ಕಕ್ಕೆ ಸರಿಸಿ, ಕೈ ಮಡಿಲಿನಲ್ಲಿಟ್ಟು, ತುಟಿ ಬಿಗಿದು ಕೂತಳು.

"ದೊಡ್ಡಮ್ಮ, ಸ್ವಲ್ಪ ನಗಿ."

"ನಗ್ತಾನೇ ಇದೀನಲ್ಲಪ್ಪ."

"ಎಲ್ಲೇ ನಗ್ತಾ ಇದೀಯ?" ವೆಂಕಟರಾಯಪ್ಪ ಕಂಬಕ್ಕೊರಗಿ ಹೇಳಿದರು. "ನಂಗೆ ಬೈಯೋವಾಗ ಬಾಯಿ ಹೆಂಗೆ ತೆರ್ಕೊಳುತ್ತೆ, ಹಂಗೆ ತೆಗಿ."

"ನೀವು ಆಚೆ ಹೋಗಿ ಮೊದ್ಲು."

ಕ್ಯಾಮೆರಾ ಅವಳ ಕಣ್ಣನ್ನು ಹಿಡಿದಿತ್ತು. ಗುಂಡಿ ಒತ್ತಿಹಿಡಿದರೆ ಚಿತ್ರಗಳ ಮಳೆ. ನೋಡಿದರೆ ಎಲ್ಲವೂ ಅದೇ ಬಿಗಿದ ತುಟಿ. ಇದು ಬರೀ ಕ್ಯಾಮೆರಾದ ಭಯವಲ್ಲ ಎಂದು ಮುನಿಕೃಷ್ಣನಿಗೆ ಅನಿಸಿತು. ಕೇಳಿದ. ಅವಳು ಸೆರಗಿನ ಮರೆಯಲ್ಲೇ ಹೇಳಿದಳು: ಹುಡುಗಿಯಾಗಿದ್ದಾಗ ಅಕ್ಕನ ಜೊತೆ ಪಂದ್ಯ ಕಟ್ಟಿ ಹುರಿದ ಹುಣಸೆಬೀಜ ಕಡಿದದ್ದು, ಮುಂದಿನ ಹಲ್ಲಿನ ಮೂಲೆ ಹಾರಿಹೋದದ್ದು, ಹೆಣ್ಣು ನೋಡಲು ಬಂದವರ ಮುಂದೆ ಬಾಯಿ ಬಿಡಬೇಡವೆಂದು ಅವ್ವ ಎಚ್ಚರಿಸಿದ್ದು. ಅವ್ವ ಹೇಳಿದ್ದು ಒಂದು ದಿನದ ಮಟ್ಟಿಗೆ. ಅದು ಐವತ್ತು ವರ್ಷ ನಡೆಯಿತು.

"ನನ್ನ ಮುಂದೇನೂ ಕೈ ಅಡ್ಡ ಇಟ್ಕೊಂಡೇ ನಗೋದು," ಎಂದರು ವೆಂಕಟರಾಯಪ್ಪ. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಮುನಿಕೃಷ್ಣ ಕ್ಯಾಮೆರಾದ ಪುಟ್ಟ ಸ್ಪೀಕರಿನ ಸದ್ದು ಹಾಕಿ ನೋಡಿದ. ಟಿಕ್ ಎಂದಿತು.

"ಇದೇನು ಹಲ್ಲಿ ಲೊಚಗುಟ್ಟಿದಂಗೆ," ಎಂದು ಅವಳು ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದಳು. ತುಟಿ ಮತ್ತೆ ಮುಚ್ಚಿಕೊಂಡಿತು.

ಬ್ಯಾಗಿನ ತಳದಲ್ಲಿ ಹಳೆಯ ಕ್ಯಾಮೆರಾ ಇತ್ತು, ಹೊಸದು ಕೆಟ್ಟರೆ ಇರಲಿ ಎಂದು. ಅವನು ಹೊಸದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದರ ಕಿಂಡಿಗೆ ಕಣ್ಣಿಟ್ಟು, ಬಲಗೈ ಬೆರಳನ್ನು ಗುಂಡಿಯ ಮೇಲಿಟ್ಟ. ಹಳೆಯದನ್ನು ಎಡಗೈಯಲ್ಲಿ ಎದೆಯ ಹತ್ತಿರ ಹಿಡಿದ.

"ಇದೇ ಕೊನೇದು ದೊಡ್ಡಮ್ಮ. ಆಮೇಲೆ ನೀವು ಅವ್ರೇಕಾಯಿ ಸುಲ್ಕೊಳ್ಳಿ."

ಅವಳು ಉಸಿರು ಹಿಡಿದಳು. ಹಳೆಯದು ಟಪ್ ಎಂದಿತು.

ಅವಳ ಭುಜ ಇಳಿಯಿತು. ಗಂಡನ ಕಡೆ ತಿರುಗಿ, "ಸಾಕಾಯ್ತಪ್ಪ, ಇದಕ್ಕಿಂತ ಹಲ್ಲು ಕೀಳಿಸ್ಕೊಳೋದೇ ವಾಸಿ," ಎಂದು ನಕ್ಕಳು. ಮಡಿಲಿನಿಂದ ಕೈ ಎದ್ದು ಬಾಯನ್ನು ಮುಚ್ಚಿತು. ಅಷ್ಟು ಹೊತ್ತೂ ಮುನಿಕೃಷ್ಣ ಹೊಸದರ ಗುಂಡಿಯನ್ನು ಒತ್ತಿಹಿಡಿದಿದ್ದ. ನಗುವಿಗೂ ಕೈಗೂ ನಡುವೆ ಇದ್ದದ್ದು ರೆಪ್ಪೆ ಬಡಿಯುವಷ್ಟು ಹೊತ್ತು. ಇಷ್ಟು ವರ್ಷ ಮುನಿಕೃಷ್ಣ ಅಂಥದ್ದನ್ನು ಕತ್ತಲಲ್ಲಿ ಅಂದಾಜಿನ ಮೇಲೆ ಹಿಡಿಯುತ್ತಿದ್ದ. ಇವತ್ತು ಕತ್ತಲಾಗಲಿಲ್ಲ. ಒಂದು ಮುಖ ತನ್ನ ಕಾವಲು ಇಳಿಸುವುದನ್ನು ಅವನು ಮೊದಲ ಬಾರಿಗೆ ಪೂರ್ತಿ ಕಂಡ.

ಕಂಡಮೇಲೆ ಅವನಿಗೆ ಕಸಿವಿಸಿಯಾಯಿತು. ಹಳೆಯದು ಕದ್ದರೂ ಹೆಜ್ಜೆ ಸದ್ದು ಮಾಡಿಕೊಂಡು ಕದಿಯುತ್ತಿತ್ತು. ಅವನು ಹೊಸದನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಆ ಚಿತ್ರ ತೆರೆದು ಅವಳ ಕೈಗೇ ಕೊಟ್ಟ.

"ಇದ್ಯಾವಾಗ ತೆಗ್ದೆ?"

"ಸದ್ದಾದ್ಮೇಲೆ. ಬೇಡ ಅಂದ್ರೆ ಈಗ್ಲೇ ಅಳಿಸ್ಬಿಡ್ತೀನಿ."

ಅವಳು ದೊಡ್ಡದು ಮಾಡು ಎಂದು ಸನ್ನೆ ಮಾಡಿದಳು. ಮೂಲೆ ಹಾರಿದ ಹಲ್ಲು ಪರದೆ ತುಂಬ ಬಂತು, ಎಲೆಅಡಿಕೆಯ ಕರೆ ಸಮೇತ.

"ಬೇಕಾದ್ರೆ ಕರೆ ತೆಗೀಬೋದು. ಮೂಲೇನೂ ತುಂಬಿಸ್ಬೋದು ದೊಡ್ಡಮ್ಮ, ಗೊತ್ತಾಗೋದಿಲ್ಲ."

"ಮುಟ್ಬೇಡ. ಅದ್ನ ಮುಟ್ಟೋರು ನಾಳೆ ಇದಾರೆ."

ವೆಂಕಟರಾಯಪ್ಪ ಕನ್ನಡಕ ಏರಿಸಿ, ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. "ಇಷ್ಟೇನಾ?" ಎಂದರು. "ಇಷ್ಟಕ್ಕಾ?"

ಅವಳು ಅವರ ಭುಜಕ್ಕೆ ಮೆಲ್ಲಗೆ ಗುದ್ದಿದಳು.

"ಗೋಡೆಗೆ ಹಾಕ್ಸೋಣ್ವಾ?" ಎಂದ ಮುನಿಕೃಷ್ಣ.

"ಬಂದೋರ್ಗೆಲ್ಲ ತೋರ್ಸೋಕಲ್ಲ ಅದು. ಗೋಡೆಗೆ ಆ ಕೈ ಅಡ್ಡ ಇಟ್ಟಿದೀನಲ್ಲ, ಅದು ಹಾಕು."

"ಇದು?"

ಅವಳು ಗಂಡನ ಕಡೆ ಗಲ್ಲ ತೋರಿಸಿದಳು. ವೆಂಕಟರಾಯಪ್ಪ ಅಷ್ಟರಲ್ಲಿ ಜೇಬಿನಿಂದ ಫೋನು ತೆಗೆದಿದ್ದರು. "ನನ್ ಫೋನಿಗೆ ಹಾಕಪ್ಪ."

ಕಳಿಸಲು ಹೋದರೆ ಕ್ಯಾಮೆರಾ ಆರಿಹೋಯಿತು. ಬ್ಯಾಟರಿ ಮುಗಿದಿತ್ತು, ಉಳಿದವು ಸ್ಟುಡಿಯೊದಲ್ಲಿ. ಮುನಿಕೃಷ್ಣ ಒಳಗಿನ ಪ್ಲಗ್ಗಿಗೆ ಕ್ಯಾಮೆರಾ ಸಿಕ್ಕಿಸಿ ಬಂದು, ಜಗಲಿಯ ಮೇಲೆ ಕೂತು, ಮೊರಕ್ಕೆ ಕೈ ಹಾಕಿದ. ಮುನಿಗಂಗಮ್ಮ ಒಂದಷ್ಟು ಕಾಯಿ ಅವನ ಕಡೆ ತಳ್ಳಿದಳು. ಇಬ್ಬರೂ ಸುಲಿದರು. ಆ ಕಡೆ ವೆಂಕಟರಾಯಪ್ಪ ಫೋಟೊ ಇನ್ನೂ ಬಾರದ ಫೋನನ್ನು ಅಂಗೈ ಮೇಲೆ ಹಿಡಿದು, ಅದರ ಬೆಳಕು ಆರಿದಾಗಲೆಲ್ಲ ಬೆರಳಿನಿಂದ ತಟ್ಟಿ ಎಬ್ಬಿಸುತ್ತ ಕಾದು ಕೂತಿದ್ದರು.