ಪಾಲಾಕ್ಷಪ್ಪನಿಗೆ ಕೇಳಿಸಿದ ನೀರು

ನಮ್ಮ ದೊಡ್ಡಪ್ಪ ಪಾಲಾಕ್ಷಪ್ಪ ಹಿರೇಹಡಗಲಿ ಸುತ್ತಿನ ಹೊಲಗಳಲ್ಲಿ ಬೋರ್ ಕೊರೆಯಲು ಜಾಗ ತೋರಿಸುತ್ತಿದ್ದ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿ, ಕಣ್ಣು ಮುಚ್ಚಿ, ಬರಿಗಾಲಲ್ಲಿ ನಡೆಯುವನು; ಕಾಯಿ ಎದ್ದು ನಿಂತ ಕಡೆ ನೀರು. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಆದರೆ ಅವನ ಆ ನಡಿಗೆ ನೋಡಲು ಎಲ್ಲರಿಗಿಂತ ಮುಂದೆ ಓಡುತ್ತಿದ್ದವನೂ ನಾನೇ.

2001ರ ಬೇಸಿಗೆಯಲ್ಲಿ ದೊಡ್ಡಪ್ಪ ಮೊಪೆಡ್‌ನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಗಾಯ ಮಾಯಿತು. ತಿಂಗಳಾದ ಮೇಲೆ ಒಂದು ಮುಂಜಾನೆ ಹಾಸಿಗೆಯಲ್ಲಿ ಎದ್ದು ಕೂತು, "ನೀರು ಕೇಳಾಕತ್ತೈತಿ" ಎಂದ. ಸುಂಯ್, ಸುಂಯ್ ಎಂದು, ತಡೆತಡೆದು. ಅಂಗಳಕ್ಕೆ ಹೋದರೆ ಅಂಗಳದ ಕೆಳಗೆ, ಹೊಲಕ್ಕೆ ಹೋದರೆ ಹೊಲದ ಕೆಳಗೆ. ಹತ್ತಿರದ ಮೈಲಾರದ ಹೊಳೆಯೇ ತನ್ನ ಬೆನ್ನು ಹತ್ತಿದೆ ಎಂದು ನಂಬಿ, ಇನ್ನು ಇದು ಬೇಡವೆಂದು ತೆಂಗಿನಕಾಯಿಯನ್ನು ಮೂಲೆಗೆ ಎಸೆದ.

ಗೆಳೆಯ ಬೆನಕಪ್ಪನ ಹೊಲದಲ್ಲಿ ನಿಂತು "ಇಲ್ಲೇ" ಎಂದ. ಮುನ್ನೂರು ಅಡಿ ಕೊರೆದರೂ ಬಂದದ್ದು ಬಿಳಿ ಧೂಳು. ಬೆನಕಪ್ಪ ಬೋರ್ ಲಾರಿಯವರಿಗೆ ದುಡ್ಡು ಎಣಿಸಿ ಕೊಟ್ಟು ಹೋದ. ಆಮೇಲೆ ನಮ್ಮ ಮನೆ ಕಡೆ ಸುಳಿಯಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪನ ಎಡಗಣ್ಣು ಕೆಂಪಾಗಿ ಮುಂದಕ್ಕೆ ಉಬ್ಬಿತು. ಒಂದು ಎರಡಾಗಿ ಕಂಡಿತು, ಬರಬರುತ್ತ ಮಂಜಾಯಿತು. "ಕಣ್ಣು ಹೋದ್ರ ಹೋಗ್ಲಿ, ನೀರು ಕೇಳ್ತೈತಲ್ಲ" ಎಂದ. ನನಗೆ ಕೆಟ್ಟ ಸಿಟ್ಟು ಬಂತು.

ಒಂದು ಮಧ್ಯಾಹ್ನ ದೊಡ್ಡಮ್ಮ ಗುರುಬಸಮ್ಮ ಆ ಕಣ್ಣಿಗೆ ತಣ್ಣೀರ ಬಟ್ಟೆ ಇಡಲು ಬಾಗಿದಾಗ ಅವಳ ಕಿವಿ ಅವನ ಹಣೆಗೆ ತಾಗಿತು. ಹಾಗೆಯೇ ಉಳಿದುಬಿಟ್ಟಳು.

"ರೀ, ನನಗೂ ಕೇಳ್ತೈತ್ರಿ. ಇದು ನೆಲದಾಗಿಲ್ಲ, ನಿಮ್ಮ ತಲ್ಯಾಗ ಹರಿಯಾಕತ್ತೈತಿ."

ದೊಡ್ಡಪ್ಪ ಎದ್ದು ಕೂತ. "ಹಂಗಾರ ಬೆನಕಪ್ಪನ ಹೊಲದಾಗ ನಾ ಕೇಳಿದ್ದು?" ಎಂದ. ದೊಡ್ಡಮ್ಮ ಬಟ್ಟೆಯನ್ನು ಮತ್ತೆ ತಣ್ಣೀರಿಗೆ ಅದ್ದಿದಳು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಅವನ ಮುಚ್ಚಿದ ರೆಪ್ಪೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಬಿದ್ದ ಪೆಟ್ಟಿಗೆ ಕಣ್ಣಿನ ಹಿಂದೆ ರಕ್ತನಾಳ ಒಡೆದು, ಹೃದಯದಿಂದ ಬರುವ ರಕ್ತ ಪಕ್ಕದ ಇನ್ನೊಂದು ನಾಳಕ್ಕೆ ನುಗ್ಗುತ್ತಿತ್ತು; ದೊಡ್ಡಪ್ಪನಿಗೆ ಕೇಳುತ್ತಿದ್ದದ್ದು ಅದರ ಸದ್ದು. ಬಿಟ್ಟರೆ ಕಣ್ಣು ಹೋಗುತ್ತದೆ ಎಂದರು. ತಲೆ ಕೊಯ್ಯುವುದೇನೂ ಇಲ್ಲ. ತೊಡೆಸಂದಿನಲ್ಲಿ ಸಣ್ಣ ತೂತು ಮಾಡಿ, ರಕ್ತನಾಳದೊಳಗೇ ತೆಳುವಾದ ಕೊಳವೆಯನ್ನು ತಲೆಯವರೆಗೆ ಏರಿಸಿ, ಒಡೆದ ಜಾಗಕ್ಕೆ ಪುಟ್ಟ ಬಲೂನು ಕೂರಿಸುತ್ತಾರೆ.

ಅದನ್ನು ಮಾಡುವಾಗ ದೊಡ್ಡಪ್ಪನಿಗೆ ಪೂರ್ತಿ ಎಚ್ಚರ. ಮುಖದೊಳಗೆ ಏನೋ ಬೆಚ್ಚಗೆ ಹರಡಿತಂತೆ, ಹೊಳೆ ದೂರ ದೂರ ಸರಿಯಿತಂತೆ. ಸದ್ದು ಇದೆಯಾ ಎಂದು ಡಾಕ್ಟರು ಕೇಳುತ್ತಿದ್ದರು.

"ಐತ್ರಿ... ಐತ್ರಿ... ನಿಂತ್ತು ನೋಡ್ರಿ."

ತಿಂಗಳೊಪ್ಪತ್ತಿನಲ್ಲಿ ಕಣ್ಣು ಒಳಸೇರಿ ತಿಳಿಯಾಯಿತು. ಒಂದು ಬೆಳಿಗ್ಗೆ ನಮ್ಮನ್ನು ಕರೆದುಕೊಂಡು ನೇರ ಬೆನಕಪ್ಪನ ಮನೆಗೆ ನಡೆದ.

"ಬೆನಕಪ್ಪ, ಆ ನೀರು ನಿನ್ನ ಹೊಲದಾಗ ಇರಲಿಲ್ಲೋ. ನನ್ನ ತಲ್ಯಾಗಿತ್ತು."

ಬೆನಕಪ್ಪ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಕಿವಿಯಿಟ್ಟ. ಎಷ್ಟು ಹೊತ್ತಾದರೂ ತೆಗೆಯಲೊಲ್ಲ. ಆಮೇಲೆ ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದು ದೊಡ್ಡಪ್ಪನ ಅಂಗೈ ಮೇಲೆ ಮಲಗಿಸಿದ.

"ಈಗ ನಿನ್ನ ತಲ್ಯಾಗ ಏನೂ ಇಲ್ಲಲೇ. ನಡಿ, ಹೊಲಕ್ಕ ಹೋಗೂಣು."