ಅಜ್ಜಿಯ ಮೌನದ ಶುಕ್ರವಾರಗಳು

ಎಪ್ಪತ್ತರ ದಶಕದಲ್ಲಿ ಕುವೈತಿನ ರುಮೈಥಿಯಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಇಂಗ್ಲಿಷ್ ಅಜ್ಜಿ ಇದ್ದರು. ಇಂಗ್ಲೆಂಡಿನ ಸಣ್ಣ ಊರೊಂದರಲ್ಲೇ ಬಾಳಿ, ಮುಪ್ಪಿನಲ್ಲಿ ಮಗನ ಜೊತೆ ಅಲ್ಲಿಗೆ ಬಂದವರು. ಕ್ರೈಸ್ತರಲ್ಲಿ ಕ್ವೇಕರ್ ಎಂಬ ಪಂಥದವರು. ಅವರ ಪ್ರಾರ್ಥನೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಎಲ್ಲರೂ ಸುಮ್ಮನೆ ಕೂರುವುದು. ದೇವರೇ ಒಳಗಿನಿಂದ ಎಬ್ಬಿಸಿದರೆ ಮಾತ್ರ ಎದ್ದು ಮಾತಾಡುವುದು.

ಪಾಪ, ಜೊತೆಗೆ ಕೂರಲು ಯಾರೂ ಇಲ್ಲವೆಂದು ರಜೆಯ ಶುಕ್ರವಾರ ನಾನೇ ಹೋಗುತ್ತಿದ್ದೆ. ಬಾಯಿ ಮುಚ್ಚಿ ಕೂರುವುದು ನನಗೆ ಏಕಾದಶಿ ಉಪವಾಸಕ್ಕಿಂತ ಕಷ್ಟ. ಅಜ್ಜಿ ಮಾತ್ರ ಜ್ವರವಿದ್ದರೂ ತಪ್ಪಿಸುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಕಲ್ಲಿನ ಹಾಗೆ. ಒಮ್ಮೆಯೂ ಎದ್ದು ಮಾತಾಡಿದವರಲ್ಲ.

ಒಂದು ಶುಕ್ರವಾರ ಥಟ್ಟನೆ ಎದ್ದು ನಿಂತರು. ನನಗೆ ಮೈ ಜುಮ್ಮೆಂದಿತು. ಅಂತೂ ದೇವರು ಬಂದ ಎಂದು ಕೈಮುಗಿದೆ.

"ನಿನ್ನ ಮನೆಯಲ್ಲಿ ಬೇಳೆ ಸೀಯುತ್ತಿದೆ, ಮಗಳೇ," ಎಂದರು.

ಓಡಿದೆ. ಪಾತ್ರೆಯ ತಳ ಕರ್ರಗಾಗಿತ್ತು. ಅಜ್ಜಿ ಹಿಂದೆಯೇ ಬಂದು, ಅಂಗಿಯ ತೋಳು ಮೇಲೇರಿಸಿ, ನಗುತ್ತ ಉಜ್ಜಲು ನಿಂತರು.

ಎಂಬತ್ತರ ದಶಕದಲ್ಲಿ ಅವರು ಊರಿಗೆ ಮರಳಿ, ತೊಂಬತ್ತು ದಾಟಿ ತೀರಿಕೊಂಡರು. ಮಗ ಫೋನ್ ಮಾಡಿ ತಿಳಿಸಿದ. ಆ ಶುಕ್ರವಾರ ನಾನೊಬ್ಬಳೇ ಅವರಿಗಾಗಿ ಸುಮ್ಮನೆ ಕೂತೆ. ಮೊದಲು ಗ್ಯಾಸ್ ಆರಿಸಿದೆ. ಎದ್ದು ಹೇಳುವವರು ಇನ್ನಿರಲಿಲ್ಲವಲ್ಲ.