ಕಂಪನಿ ತಂಡ ಕರೆದಾಗ ನಾನು ಹೋಗಲಿಲ್ಲ

ಬಿಕಾಂ ಎರಡನೇ ವರ್ಷದಲ್ಲಿ ನಮ್ಮ ಚಳ್ಳಕೆರೆ ಕಾಲೇಜಿನ ಹುಡುಗಿಯರ ಕಬಡ್ಡಿ ತಂಡ ಯೂನಿವರ್ಸಿಟಿ ಫೈನಲ್‌ನಲ್ಲಿ ಸೋತಿತು. ಮೊಣಕೈಗೆ ಐಸ್ ಒತ್ತಿಕೊಂಡು ಕೂತಿದ್ದ ನನ್ನ ಪಕ್ಕ ಟ್ರ್ಯಾಕ್‌ಸೂಟ್ ಹಾಕಿದ್ದ ಹೆಂಗಸೊಬ್ಬರು ಬಂದು ಕೂತರು. ಬೇರೆ ರಾಜ್ಯದ ಒಂದು ಕಂಪನಿ ನಡೆಸುವ ಮಹಿಳಾ ತಂಡಕ್ಕೆ ಅವರು ಕೋಚ್. ಹಾಸ್ಟೆಲ್, ಊಟ, ತಿಂಗಳ ಸಂಬಳ, ವರ್ಷವಿಡೀ ಟೂರ್ನಿ ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ವಿವರಿಸಿದರು. ಕೊನೆಗೆ, "ಬೇಗ ಬಂದುಬಿಡು. ಇಂಥ ವೇಗ ತುಂಬಾ ವರ್ಷ ಇರಲ್ಲ" ಅಂದರು.

ಡಿಗ್ರಿಗೆ ಇನ್ನೂ ಒಂದು ವರ್ಷ ಬಾಕಿ ಇತ್ತು. ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಗಾಗಿ ಎರಡೂ ಒಟ್ಟಿಗೆ ಆಗುವ ಮಾತಲ್ಲ.

ಆ ಶನಿವಾರ ಹಾಸ್ಟೆಲ್‌ನಿಂದ ಮೊಳಕಾಲ್ಮೂರಿಗೆ ಬಸ್ ಹತ್ತಿದೆ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮಗ್ಗದಲ್ಲಿ ಕೂತಿದ್ದ ಅಪ್ಪ ತಲೆ ಎತ್ತದೆ ಎಲ್ಲವನ್ನೂ ಕೇಳಿಸಿಕೊಂಡರು.

"ಒಂದು ವರ್ಷ ತಾನೆ, ಮುಗ್ಸಿ ಹೋಗು. ನಾಳೆ ಕಾಲು ಮುರ್ಕೊಂಡ್ರೆ ಕೈಯಾಗೆ ಏನೈತೆ?"

ಅವ್ವ ಅದನ್ನೇ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಪ್ಪನ ಕಡೆ ತಿರುಗಿ, "ಪರೀಕ್ಷೆ ಮುಂದಿನ ವರ್ಷಾನೂ ಬರ್ತೈತೆ. ಆ ಯಮ್ಮ ಮುಂದಿನ ವರ್ಷ ಬಂದು ಕರೀತಾಳಾ?" ಅಂದಳು. ಸಿಟ್ಟು ಬಂದರೂ ಮುದ್ದು ಬಂದರೂ ಅವ್ವನ ಬಾಯಿಗೆ ತೆಲುಗೇ ಬರುವುದು. "ಪೋವೇ, ನೇನುನ್ನಾ ಕದಾ" ಎಂದಳು. ಹೋಗೇ, ನಾನಿದೀನಲ್ಲ.

ಸೋಮವಾರ ಪಿಇ ಸರ್ ಹತ್ತಿರ ಹೋದೆ. ನನ್ನನ್ನು ರೈಡರ್ ಮಾಡಿದವರು ಅವರೇ. ಹೋಗಬೇಡ ಅಂದರು. ನನಗೆ ಅನುಮಾನ ಬಂತು.

"ಮುಂದಿನ ವರ್ಷ ಕಪ್ ಬೇಕು ಅಂತ ಹೇಳ್ತಿದೀರಾ ಸರ್?"

"ಅದೂ ಐತಮ್ಮ" ಎಂದರು ಸರ್. "ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅದೊಂದೇ ಅಲ್ಲ. ಕಾಲೇಜು ಬಿಟ್ಟು ಆಡೋಕೆ ಹೋದೋರ್‌ನ ನಾನು ಕಂಡಿದೀನಿ. ವಾಪಸ್ ಬಂದು ಬುಕ್ ಹಿಡಿದೋರು ಕಮ್ಮಿ."

ಅವರ ಮಾತಿನಿಂದ ನಾನು ಉಳಿದೆ ಅಂತ ಊರೆಲ್ಲ ತಿಳಿದುಕೊಂಡಿದೆ. ನಿಜವಾದ ಕಾರಣ ಬೇರೆ. ನಮ್ಮ ತಂಡದ ಎಡಗಡೆಯ ಕಾರ್ನರ್‌ನಲ್ಲಿ ದೊಡ್ಡಉಳ್ಳಾರ್ತಿಯ ಹುಡುಗಿಯೊಬ್ಬಳು ಆಡುತ್ತಿದ್ದಳು, ನನ್ನ ಕ್ಲಾಸಿನವಳೇ. ರೈಡ್‌ಗೆ ಬಂದವರ ಕಾಲು ಹಿಡಿದರೆ ಬಿಡುವವಳಲ್ಲ. ದಿನಾ ಪ್ರಾಕ್ಟೀಸಿನಲ್ಲಿ ಅವಳಿಂದ ತಪ್ಪಿಸಿಕೊಳ್ಳುತ್ತಲೇ ನನಗೆ ಆ ವೇಗ ಬಂದದ್ದು. ಕೋಚ್ ನನ್ನನ್ನು ಕರೆದರು, ಅವಳನ್ನು ಕರೆಯಲಿಲ್ಲ. ಅವಳ ಜೊತೆ ಇನ್ನೊಂದು ವರ್ಷ ಆಡಿ, ಸೋತ ಆ ಫೈನಲ್ ಗೆಲ್ಲಬೇಕು ಅಂತ ನನಗೆ ಆಸೆ ಇತ್ತು. ಓದಿನ ಯೋಚನೆ ಅಷ್ಟೇನೂ ಇರಲಿಲ್ಲ.

ಅವಳಿಗೆ ಹೇಳಿದಾಗ ಅವಳು ಖುಷಿಪಡಲಿಲ್ಲ.

"ನನ್ನ ಸಲುವಾಗಿ ಉಳೀಬ್ಯಾಡ ಕಣೇ. ಹೋಗು ಸುಮ್ನೆ."

"ನೀನು ಇಲ್ಲೇ ಇರ್ತೀಯಲ್ಲ, ನಾನೂ ಇರ್ತೀನಿ."

ಅವಳು ಏನೋ ಹೇಳಲು ಹೋಗಿ ಶೂ ಲೇಸ್ ಬಿಗಿಯತೊಡಗಿದಳು. ನಾನು ಕೋಚ್‌ಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. "ನಿನ್ನಿಷ್ಟ" ಅಂದು ಇಟ್ಟರು. ಕಾಲೇಜಿನ ಸಮಾರಂಭವೊಂದರಲ್ಲಿ ಪ್ರಿನ್ಸಿಪಾಲರು ನನ್ನನ್ನು ನಿಲ್ಲಿಸಿ, ಓದಿಗೆ ಬೆಲೆ ಕೊಟ್ಟ ಹುಡುಗಿ ಎಂದು ಚಪ್ಪಾಳೆ ಹೊಡೆಸಿದರು. ಎಲ್ಲರ ಜೊತೆ ಅವಳೂ ತಟ್ಟಿದಳು.

ಮೂರನೇ ವರ್ಷ ಶುರುವಾಗಿ ಕೆಲವೇ ವಾರಗಳಲ್ಲಿ ಅವಳು ಪ್ರಾಕ್ಟೀಸ್ ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡಳು. ಪೊಲೀಸ್ ಕಾನ್‌ಸ್ಟೆಬಲ್ ಆಗಿ ಆಯ್ಕೆಯಾಗಿದ್ದಳು. ಟ್ರೈನಿಂಗಿಗೆ ಹೊರಡಬೇಕಿತ್ತು.

"ಯಾವಾಗ ಬರ್ದೆ ಪರೀಕ್ಷೆ?"

"ಫೈನಲ್‌ಗಿಂತ ಮುಂಚೇನೇ. ಆಗ್ತೈತೆ ಅಂತ ನಂಗೇ ನಂಬಿಕೆ ಇರ್ಲಿಲ್ಲ. ಹೇಳಿ, ಆಮೇಲೆ ಆಗ್ದಿದ್ರೆ ನಗೆಪಾಟಲು."

"ಆವತ್ತು ಹೇಳಿದ್ರೆ ನಾನು ಹೋಗಿರ್ತಿದ್ದೆ."

"ಹೋಗು ಅಂತ ಹೇಳಿದ್ನಲ್ಲ!"

ಇಬ್ಬರೂ ಜೋರಾಗಿ ಕೂಗಾಡಿದೆವು. ಗ್ರೌಂಡಿನಲ್ಲಿ ವಾಲಿಬಾಲ್ ಆಡುತ್ತಿದ್ದವರು ಆಟ ನಿಲ್ಲಿಸಿ ನಮ್ಮನ್ನೇ ನೋಡಿದರು. ಅವಳು ಅತ್ತಳು. ನನಗೆ ಅಳು ಬರಲಿಲ್ಲ, ಬರೀ ಕೋಪ. ಅವಳು ಹೊರಟ ದಿನ ಬಸ್‌ಸ್ಟ್ಯಾಂಡಿಗೆ ತಂಡದವರೆಲ್ಲ ಹೋದರು. ನಾನು ಹಾಸ್ಟೆಲ್‌ನಲ್ಲಿ ಬಟ್ಟೆ ಒಗೆಯುತ್ತಾ ಉಳಿದೆ.

ಆ ವರ್ಷ ನಾವು ಫೈನಲ್ ಮುಟ್ಟಲಿಲ್ಲ. ಕಾರ್ನರ್‌ಗೆ ಬಂದ ಹೊಸ ಹುಡುಗಿ ಒಳ್ಳೆಯವಳೇ, ಆದರೆ ರೈಡರ್ ಕಾಲು ಹಿಡಿಯಲು ಹಾರುವಾಗ ಕಣ್ಣು ಮುಚ್ಚುತ್ತಿದ್ದಳು. ಸೆಮಿಫೈನಲ್ ಸೋತು ಬರುವ ಬಸ್ಸಿನಲ್ಲಿ ಪಿಇ ಸರ್ ಎಲ್ಲರಿಗೂ ಕಡಲೆಕಾಯಿ ಕೊಡಿಸಿದರು. ಕಪ್ಪಿನ ಮಾತು ಎತ್ತಲಿಲ್ಲ. ಬೇರೆ ಮಾಡುವುದಕ್ಕೇನೂ ಇಲ್ಲದೆ ಓದಲು ಕೂತೆ. ಫಸ್ಟ್ ಕ್ಲಾಸ್ ಬಂತು.

ರಿಸಲ್ಟ್ ಬಂದ ಮೇಲೆ ನಾನೇ ಆ ಕೋಚ್‌ಗೆ ಫೋನ್ ಮಾಡಿದೆ. ನನ್ನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಆದರೂ ಸೆಲೆಕ್ಷನ್‌ಗೆ ಬಾ ಅಂದರು. ತೆಗೆದುಕೊಂಡರು ಕೂಡ. ಮೊದಲ ಸೀಸನ್ ಹೆಚ್ಚೂಕಮ್ಮಿ ಬೆಂಚಿನ ಮೇಲೆಯೇ ಕಳೆಯಿತು. ಹಿಂದಿನ ವರ್ಷವೇ ಬಂದಿದ್ದರೆ ನೇರವಾಗಿ ಆಡಿಸುತ್ತಿದ್ದರು ಎಂದು ಜೊತೆಯವರು ಹೇಳಿದರು. ಇರಬಹುದು. ಟೂರ್ನಿ ಇಲ್ಲದ ತಿಂಗಳುಗಳಲ್ಲಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೂರಿಸುತ್ತಾರೆ, ಡಿಗ್ರಿ ಇರುವವರಿಗೆ ಮಾತ್ರ ಆ ಕುರ್ಚಿ.

ಗೆಳತಿ ಈಗ ಇನ್ನೊಂದು ಜಿಲ್ಲೆಯ ಸ್ಟೇಷನ್‌ನಲ್ಲಿದ್ದಾಳೆ, ಇಲಾಖೆ ತಂಡಕ್ಕೆ ಆಡುತ್ತಾಳೆ. ಅವಳ ಬಿಕಾಂ ಇನ್ನೂ ಮುಗಿದಿಲ್ಲ. ವರ್ಷವಾದ ಮೇಲೆ ಮೊದಲು ಫೋನ್ ಮಾಡಿದ್ದು ಅವಳೇ. ಬಂದೋಬಸ್ತ್‌ನಲ್ಲಿ ನಿಂತು ನಿಂತು ಕಾಲು ಊದಿಕೊಂಡಿತ್ತಂತೆ, ಏನು ಹಚ್ಚಬೇಕು ಎಂದು ಕೇಳಿದಳು. ಹೇಳಿದೆ. ಹಾಗೇ ಮಾತು ಮತ್ತೆ ಶುರುವಾಯಿತು.

ಎರಡನೇ ಸೀಸನ್‌ನಲ್ಲಿ ನನ್ನನ್ನು ಮೊದಲಿನಿಂದ ಆಡಿಸಿದರು. ಅಪ್ಪ, ಅವ್ವ ರೈಲಿನಲ್ಲಿ ಬಂದು ಮ್ಯಾಚ್ ನೋಡಿದರು. ಗೆದ್ದೆವು. ಹೊರಗೆ ಬಂದು ಹೇಗಿತ್ತು ಅಂತ ಕೇಳಿದೆ.

"ಅಷ್ಟೊತ್ತು ಉಸಿರು ಬಿಡ್ದಂಗೆ ಕಬಡ್ಡಿ ಕಬಡ್ಡಿ ಅಂತಿರ್ಬೇಕಾ?" ಎಂದಳು ಅವ್ವ. "ನೋಡ್ತಾ ನೋಡ್ತಾ ನಾನೂ ಉಸಿರು ಬಿಡಾದು ಮರ್ತಿದ್ದೆ."